ಬೈಔಟ್‌ನಿಂದ ವೆಂಚರ್ ಕ್ಯಾಪಿಟಲ್‌ಗೆ: ಹಣ ಒಂದೇ, ಲೆಕ್ಕ ಬೇರೆ

ಪಿಂಚಣಿ ನಿಧಿಗಳು, ವಿಮಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳ ದತ್ತಿನಿಧಿಗಳು ಮೊದಲಾದವುಗಳಿಂದ ಹಣ ಸಂಗ್ರಹಿಸಿ, ಅದನ್ನು ಕಂಪನಿಗಳಲ್ಲಿ ತೊಡಗಿಸಿ, ಕೆಲವು ವರ್ಷಗಳ ನಂತರ ಪಾಲನ್ನು ಮಾರಿ ಲಾಭ ಗಳಿಸುವ ವ್ಯವಹಾರವೇ ಪ್ರೈವೇಟ್ ಈಕ್ವಿಟಿ. ಇದಕ್ಕೆ ಮುಖ್ಯವಾಗಿ ಮೂರು ಕವಲುಗಳಿವೆ. ಸ್ಥಿರ ಆದಾಯವುಳ್ಳ ಕಂಪನಿಯನ್ನು ಸಾಲದ ನೆರವಿನಿಂದ ಪೂರ್ಣವಾಗಿ ಕೊಳ್ಳುವುದು ಬೈಔಟ್. ಬೆಳೆಯುತ್ತಿರುವ ಕಂಪನಿಯಲ್ಲಿ ಸಾಮಾನ್ಯವಾಗಿ ಅಲ್ಪಪಾಲು ಪಡೆಯುವುದು ಗ್ರೋತ್ ಹೂಡಿಕೆ. ಲಾಭವಿರಲಿ, ಆದಾಯವೂ ಖಚಿತವಿಲ್ಲದ ಹೊಸ ಉದ್ಯಮಕ್ಕೆ ಹಣ ನೀಡುವುದು ವೆಂಚರ್ ಕ್ಯಾಪಿಟಲ್, ಅಂದರೆ ಸಾಹಸ ಬಂಡವಾಳ.

ಬೈಔಟ್ ಸಂಸ್ಥೆಗಳಲ್ಲಿ ಪಳಗಿದ ಅನೇಕರು ಇಂದು ಉಳಿದೆರಡು ಕವಲುಗಳತ್ತ ಹೊರಳುತ್ತಿದ್ದಾರೆ. ಹೊರಗಿನಿಂದ ನೋಡುವವರಿಗೆ ಇದು ಮೇಜು ಬದಲಿಸಿದಷ್ಟೇ ಸುಲಭವೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ.

ಎರಡು ಲೆಕ್ಕಗಳು

ಒಂದು ಸರಳ ಉದಾಹರಣೆಯನ್ನು ಊಹಿಸಿಕೊಳ್ಳೋಣ. 100 ಕೋಟಿ ರೂಪಾಯಿ ಬೆಲೆಯ ಕಂಪನಿಯೊಂದನ್ನು 60 ಕೋಟಿ ಸಾಲ ಹಾಗೂ 40 ಕೋಟಿ ಸ್ವಂತ ಬಂಡವಾಳದಿಂದ ಕೊಳ್ಳಲಾಯಿತು. ಐದು ವರ್ಷಗಳಲ್ಲಿ ಕಂಪನಿಯ ಗಳಿಕೆಯಿಂದಲೇ ಸಾಲ 30 ಕೋಟಿಗೆ ಇಳಿಯಿತು. ನಂತರ ಕಂಪನಿ 130 ಕೋಟಿಗೆ ಮಾರಾಟವಾಯಿತು. ಸಾಲ ತೀರಿಸಿದ ಮೇಲೆ ಉಳಿಯುವುದು 100 ಕೋಟಿ. ಕಂಪನಿಯ ಬೆಲೆ ಏರಿದ್ದು ಶೇ. 30 ಮಾತ್ರ; ಹೂಡಿಕೆಯಾದರೋ ಎರಡೂವರೆ ಪಟ್ಟಾಯಿತು. ಇದು ಬೈಔಟ್‌ನ ಮರ್ಮ. ಇಲ್ಲಿ ಒಂದು ಹೂಡಿಕೆ ಪೂರ್ಣ ಮುಳುಗಿದರೂ ನಿಧಿಗೆ ದೊಡ್ಡ ಪೆಟ್ಟು. ಆದ್ದರಿಂದ ಬೈಔಟ್ ಹೂಡಿಕೆದಾರನ ಮೊದಲ ಪ್ರಶ್ನೆ ‘ಏನು ತಪ್ಪಾಗಬಹುದು?’ ಎಂಬುದೇ ಆಗಿರುತ್ತದೆ.

ಇನ್ನು ಸಾಹಸ ಬಂಡವಾಳದ ಲೆಕ್ಕ. ಹತ್ತು ಕಂಪನಿಗಳಲ್ಲಿ ತಲಾ 10 ಕೋಟಿ ತೊಡಗಿಸಲಾಗಿದೆ ಎನ್ನೋಣ. ಐದು ಮುಚ್ಚಿಹೋದವು. ಮೂರರಿಂದ ಅಸಲು ಮಾತ್ರ ಮರಳಿತು. ಒಂದು 30 ಕೋಟಿ, ಮತ್ತೊಂದು 250 ಕೋಟಿ ತಂದಿತು. ಒಟ್ಟು 310 ಕೋಟಿ; ಮೂರು ಪಟ್ಟಿಗಿಂತ ಹೆಚ್ಚು. ಆದರೆ ಆ ಕೊನೆಯ ಒಂದನ್ನು ಕೈಬಿಟ್ಟಿದ್ದರೆ ಉಳಿದ ಒಂಬತ್ತಕ್ಕೆ ಹಾಕಿದ 90 ಕೋಟಿಯಲ್ಲಿ ಮರಳುತ್ತಿದ್ದುದು 60 ಕೋಟಿ ಮಾತ್ರ. ಇಲ್ಲಿ ಕೆಟ್ಟ ಕಂಪನಿಯನ್ನು ಆರಿಸುವುದಕ್ಕಿಂತ ಒಳ್ಳೆಯ ಕಂಪನಿಯನ್ನು ತಿರಸ್ಕರಿಸುವುದೇ ದೊಡ್ಡ ತಪ್ಪು. ‘ಎಲ್ಲವೂ ಸರಿಹೋದರೆ ಇದು ಎಷ್ಟು ದೊಡ್ಡದಾಗಬಹುದು?’ ಎಂಬುದು ಇಲ್ಲಿನ ಪ್ರಶ್ನೆ.

ಬೆಂಗಳೂರಿನ ಫ್ಲಿಪ್‌ಕಾರ್ಟ್ ಇದಕ್ಕೆ ಹತ್ತಿರದ ನಿದರ್ಶನ. 2007ರಲ್ಲಿ ಆರಂಭವಾದ ಈ ಕಂಪನಿಗೆ 2009ರಲ್ಲಿ ಆಕ್ಸೆಲ್ ಸಂಸ್ಥೆ ಬಂಡವಾಳ ನೀಡಿತು. ಆಗ ಅದು ಆನ್‌ಲೈನ್‌ನಲ್ಲಿ ಪುಸ್ತಕ ಮಾರುತ್ತಿದ್ದ ಸಣ್ಣ ಉದ್ಯಮ. 2018ರಲ್ಲಿ ವಾಲ್‌ಮಾರ್ಟ್ ಅದರ ಸುಮಾರು ಶೇ. 77ರಷ್ಟು ಪಾಲಿಗೆ 1,600 ಕೋಟಿ ಡಾಲರ್ ನೀಡಿತು. 2009ರ ಲೆಕ್ಕಪತ್ರಗಳನ್ನಷ್ಟೇ ನೋಡಿದ್ದರೆ ಯಾವ ಬೈಔಟ್ ಸಮಿತಿಯೂ ಒಪ್ಪಿಗೆ ನೀಡುತ್ತಿರಲಿಲ್ಲ.

ಸಂಸ್ಥೆಗಳು ನಡೆದ ದಾರಿ

ಅಮೆರಿಕದ ಬೇನ್ ಕ್ಯಾಪಿಟಲ್ 1984ರಲ್ಲಿ ಸ್ಥಾಪನೆಯಾಯಿತು. 1986ರಲ್ಲಿ ಮೊದಲ ಮಳಿಗೆ ತೆರೆದ ಸ್ಟೇಪಲ್ಸ್ ಎಂಬ ಕಚೇರಿ ಸಾಮಗ್ರಿ ಕಂಪನಿಗೆ ಅದು ಆರಂಭದಲ್ಲೇ ಹಣ ಹಾಕಿತ್ತು. ಬಳಿಕ ಅದರ ಒಲವು ಬೈಔಟ್‌ನತ್ತ ತಿರುಗಿತು. 2000ದ ದಶಕದ ಆರಂಭದಲ್ಲಿ ಅದು ಸಾಹಸ ಬಂಡವಾಳಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. 1980ರ ದಶಕದ ಕೊನೆಯಲ್ಲಿ ಆರ್‌ಜೆಆರ್ ನಬಿಸ್ಕೊ ಖರೀದಿಯಿಂದ ಹೆಸರಾದ ಕೆಕೆಆರ್ ಕೂಡ 2016ರಲ್ಲಿ ತಂತ್ರಜ್ಞಾನ ಕಂಪನಿಗಳಿಗಾಗಿ ಬೇರೆ ನಿಧಿಯನ್ನು ರಚಿಸಿತು.

ಬ್ಲ್ಯಾಕ್‌ಸ್ಟೋನ್‌ನ ನಡೆ ಇನ್ನಷ್ಟು ಗಮನಾರ್ಹ. 2019ರಲ್ಲಿ ಗ್ರೋತ್ ವಿಭಾಗ ತೆರೆದಾಗ ಅದು ಮುಖ್ಯಸ್ಥರನ್ನು ತನ್ನ ಬೈಔಟ್ ತಂಡದಿಂದ ಆರಿಸಲಿಲ್ಲ; ಗ್ರೋತ್ ಹೂಡಿಕೆಗೆ ಹೆಸರಾದ ಜನರಲ್ ಅಟ್ಲಾಂಟಿಕ್‌ನಿಂದ ಕರೆತಂದಿತು. ಹೊರಳಲು ಬಯಸುವವರು ಇದನ್ನು ಮನಗಾಣುವುದು ಒಳಿತು.

ಹಿಡಿತವಿಲ್ಲದ ಹೂಡಿಕೆ

ಬೈಔಟ್‌ನಲ್ಲಿ ಕಂಪನಿಯ ಮುಖ್ಯಸ್ಥನನ್ನು ಬದಲಿಸುವ ಅಧಿಕಾರ ಹೂಡಿಕೆದಾರನಿಗಿರುತ್ತದೆ. ಅಲ್ಪಪಾಲುದಾರನಿಗೆ ಇರುವುದು ಒಪ್ಪಂದದ ರಕ್ಷಣೆ ಮಾತ್ರ: ಆದ್ಯತಾ ಷೇರು, ಮಾರಾಟದ ಹಣದಲ್ಲಿ ಮೊದಲ ಹಕ್ಕು, ನಿರ್ದೇಶಕ ಮಂಡಳಿಯಲ್ಲಿ ಒಂದು ಸ್ಥಾನ, ಕೆಲವು ನಿರ್ಧಾರಗಳಿಗೆ ತಡೆ ಒಡ್ಡುವ ಅಧಿಕಾರ. ಇವುಗಳ ಮಿತಿ ಎಷ್ಟೆಂಬುದನ್ನು ಬೆಂಗಳೂರಿನ ಬೈಜೂಸ್ ಪ್ರಕರಣ ತೋರಿಸಿತು. 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯ ಕಟ್ಟಲಾಗಿದ್ದ ಈ ಕಂಪನಿಯ ಮಂಡಳಿಯಿಂದ 2023ರ ಜೂನ್‌ನಲ್ಲಿ ಪ್ರಮುಖ ಹೂಡಿಕೆದಾರರ ಮೂವರು ಪ್ರತಿನಿಧಿಗಳು ಹೊರನಡೆದರು. 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಸಂಸ್ಥಾಪಕರ ಮನವೊಲಿಸಬಲ್ಲ ಬಾಂಧವ್ಯ ಹಾಗೂ ಆರಂಭದಲ್ಲೇ ವ್ಯಕ್ತಿಯನ್ನು ಅಳೆಯುವ ವಿವೇಕ ಇಲ್ಲಿ ಎಷ್ಟು ಮುಖ್ಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಭಾರತದಲ್ಲಿ ಈ ಎರಡು ಲೋಕಗಳ ಅಂತರ ತುಸು ಕಡಿಮೆ. ಕಂಪನಿ ಖರೀದಿಗೆ ಬ್ಯಾಂಕುಗಳು ಸಾಲ ನೀಡುವುದಕ್ಕೆ ರಿಸರ್ವ್ ಬ್ಯಾಂಕ್ ದೀರ್ಘಕಾಲ ಕಟ್ಟುನಿಟ್ಟಿನ ನಿರ್ಬಂಧ ಹೇರಿತ್ತು. ಅದನ್ನು ಸಡಿಲಿಸುವ ನಿರ್ಧಾರವನ್ನು 2025ರ ಅಕ್ಟೋಬರ್‌ನಲ್ಲಷ್ಟೇ ಪ್ರಕಟಿಸಿತು. ಹೀಗಾಗಿ ಇಲ್ಲಿನ ಪ್ರೈವೇಟ್ ಈಕ್ವಿಟಿ ಸಂಸ್ಥೆಗಳಲ್ಲಿ ಹಲವು ಅಲ್ಪಪಾಲು ಹೂಡಿಕೆಯನ್ನು ಮೊದಲಿನಿಂದಲೂ ಬಲ್ಲವು.

ಹೊರಳುವವರು ಅರಿಯಬೇಕಾದುದು

ಲೆಕ್ಕಪತ್ರಗಳ ಪರಿಶೀಲನೆ, ಒಪ್ಪಂದ ರಚನೆ, ಮಾರುಕಟ್ಟೆಯ ಅಧ್ಯಯನ ಇವು ಹೊಸ ಜಾಗದಲ್ಲೂ ಉಪಯುಕ್ತ. ಗ್ರೋತ್ ಹೂಡಿಕೆಯಲ್ಲಿ ಇವುಗಳಿಗೆ ಹೆಚ್ಚು ಬೆಲೆ. ಏಕೆಂದರೆ ಅಲ್ಲಿ ಪರಿಶೀಲಿಸಲು ಅಂಕಿಸಂಖ್ಯೆಗಳಿರುತ್ತವೆ. ಆದ್ದರಿಂದ ಬೈಔಟ್‌ನಿಂದ ಬರುವವರಿಗೆ ಗ್ರೋತ್ ಹೂಡಿಕೆಯೇ ಸಹಜವಾದ ಮೊದಲ ಮೆಟ್ಟಿಲು. ಆರಂಭಿಕ ಹಂತದ ವೆಂಚರ್‌ಗೆ ನೇರವಾಗಿ ಹೋಗುವವರಿಗೆ ಉದ್ಯಮಿಗಳ ಪರಿಚಯ ಹಾಗೂ ಯಾವುದಾದರೊಂದು ಕ್ಷೇತ್ರದ ಆಳವಾದ ತಿಳಿವಳಿಕೆ ಅವಶ್ಯ. ಸಾಲದ ಕೋಷ್ಟಕ ಹೆಣೆಯುವ ನೈಪುಣ್ಯ ಅಲ್ಲಿ ಬಹುಮಟ್ಟಿಗೆ ನಿರುಪಯೋಗಿ.

ಹಣದ ವಿಷಯವನ್ನೂ ಮೊದಲೇ ತೂಗಿ ನೋಡಬೇಕು. ನಿಧಿಯ ಲಾಭದಲ್ಲಿ ಸಾಮಾನ್ಯವಾಗಿ ಶೇ. 20ರಷ್ಟು ನಿರ್ವಾಹಕ ಸಂಸ್ಥೆಗೆ ಸಲ್ಲುತ್ತದೆ. ‘ಕ್ಯಾರಿ’ ಎನ್ನಲಾಗುವ ಈ ಪಾಲು ಹಿರಿಯ ಸಿಬ್ಬಂದಿಗೆ ಹಲವು ವರ್ಷಗಳಲ್ಲಿ ಹಂತಹಂತವಾಗಿ ಹಕ್ಕಾಗಿ ಬರುತ್ತದೆ. ನಡುವೆ ಹೊರಟರೆ ಉಳಿದುದನ್ನು ಸಾಮಾನ್ಯವಾಗಿ ಬಿಟ್ಟೇ ಹೋಗಬೇಕು. ವೆಂಚರ್ ನಿಧಿಗಳು ಗಾತ್ರದಲ್ಲಿ ಚಿಕ್ಕವಾದ್ದರಿಂದ ಸಂಬಳವೂ ಕಡಿಮೆಯಿರಬಹುದು. ಲಾಭ ಕೈಸೇರಲು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು.

ಬೈಔಟ್‌ನಲ್ಲಿ ತಪ್ಪು ಮಾಡದಿರುವುದೇ ಜಾಣತನ. ವೆಂಚರ್‌ನಲ್ಲಿ ಹಲವು ಬಾರಿ ತಪ್ಪು ಮಾಡಿಯೂ ಒಮ್ಮೆ ಬಹಳ ಸರಿಯಾಗಿರುವುದು ಜಾಣತನ. ಈ ಎರಡನೆಯದಕ್ಕೆ ತನ್ನ ಸ್ವಭಾವ ಒಗ್ಗುವುದೇ ಎಂದು ಕೇಳಿಕೊಂಡು ಹೆಜ್ಜೆಯಿಡುವುದು ಲೇಸು.