ಅಘನಾಶಿನಿಯ ದಡದ ಮೆಣಸಿನ ಕೋಟೆ

ಜರ್ಮನಿ ದೇಶದಲ್ಲಿ ‘ಬಾಡ್’ ಎಂಬ ಮಾತಿನಿಂದ ಮೊದಲಾಗುವ ಹೆಸರುಳ್ಳ ಸಣ್ಣ ಪಟ್ಟಣಗಳು ಅನೇಕವಿವೆ. ಆ ಮಾತಿಗೆ ಸ್ನಾನವೆಂದು ಅರ್ಥ. ಔಷಧೀಯ ಗುಣವುಳ್ಳ ಚಿಲುಮೆಗಳಿಗಾಗಿ ಹೆಸರಾದ ಊರುಗಳು ಅವು. ರೋಗಿಗಳು ಅಲ್ಲಿ ಕೆಲವು ವಾರ ನಿಂತು ನೀರಿನ ಚಿಕಿತ್ಸೆ ಪಡೆಯುವರು. ಇಂಥವುಗಳಲ್ಲೊಂದಾದ ಬೆಂಟ್‌ಹೈಮಿನಲ್ಲಿ, ಡಚ್ಚರ ನಾಡಿನ ಗಡಿಗೆ ಸಮೀಪವಾಗಿ, ಮರಳುಗಲ್ಲಿನ ಗುಡ್ಡದ ಮೇಲೆ ಮಧ್ಯಯುಗದ ಕೋಟೆಯೊಂದು ನಿಂತಿದೆ. ಕೋಟೆಗಳ ಕಾಲ ಕಳೆದ ಮೇಲೂ ಗಂಧಕದ ನೀರಿನ ಚಿಲುಮೆಯು ಜನರನ್ನು ಆ ಊರಿಗೆ ಕರೆಯುತ್ತಲೇ ಇದ್ದಿತು. ಊರಿನ ಜೀವಂತಿಕೆ ಕೋಟೆಗೂ ಆಸರೆಯಾಯಿತು. ಕೋಟೆಯ ಆಯುಸ್ಸು ಸುತ್ತಲಿನ ಜನರ ಜೀವನೋಪಾಯದೊಡನೆ ಹೆಣೆದುಕೊಂಡಿರುವುದೆಂಬುದಕ್ಕೆ ಇದೊಂದು ನಿದರ್ಶನ. ಇದೇ ದೃಷ್ಟಿಯಿಂದ ನಮ್ಮ ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯನ್ನು ನೋಡೋಣ.

ಕುಮಟೆಯಿಂದ ಉತ್ತರಕ್ಕೆ ಸುಮಾರು ೧೧ ಕಿಲೋಮೀಟರು ದೂರದಲ್ಲಿ, ಅಘನಾಶಿನಿಯು ಸಮುದ್ರವನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಸೀಮೆಯಲ್ಲಿ ಈ ಕೋಟೆಯಿದೆ. ಚಿರೆಕಲ್ಲಿನ ಎರಡು ಸುತ್ತಿನ ಗೋಡೆ, ದುಂಡನೆಯ ಬುರುಜುಗಳು, ಸುತ್ತಲೂ ಕಂದಕ, ಒಳಗೆ ಹಲವು ಬಾವಿಗಳು. ವಿಸ್ತಾರ ಸುಮಾರು ೧೦ ಎಕರೆ. ಎತ್ತರವಾದ ಬೆಟ್ಟವನ್ನು ಅರಸದೆ ನದಿಯ ಬದಿಯಲ್ಲಿಯೇ ಕೋಟೆ ಕಟ್ಟಿದವರ ಉದ್ದೇಶವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವರು ಕಾಯಬೇಕಾಗಿದ್ದುದು ನದಿಯ ಮೇಲೆ ಹೋಗಿಬರುವ ದೋಣಿಗಳನ್ನು.

ಆ ದೋಣಿಗಳಲ್ಲಿದ್ದ ಸರಕುಗಳಲ್ಲಿ ಮುಖ್ಯವಾದುದು ಕಾಳುಮೆಣಸು. ಶುಂಠಿ ಹಿಪ್ಪಲಿಗಳೊಡನೆ ಕೂಡಿ ತ್ರಿಕಟುವೆನಿಸಿಕೊಂಡು ನಮ್ಮ ವೈದ್ಯರ ಕೈಯಲ್ಲಿ ಔಷಧವಾಗಿದ್ದ ಈ ಕಾಳು ಯೂರೋಪಿನಲ್ಲಿ ಅಡುಗೆಗೂ ಔಷಧಕ್ಕೂ ಬೇಕಾಗಿ ಬೆಲೆಯುಳ್ಳ ಪದಾರ್ಥವಾಗಿದ್ದಿತು. ಜರ್ಮನ್ ಭಾಷೆಯಲ್ಲಿ ಹಣವಂತನಾದ ವರ್ತಕನನ್ನು ‘ಮೆಣಸಿನ ಚೀಲ’ವೆಂದು ಹಾಸ್ಯ ಮಾಡುವ ವಾಡಿಕೆಯುಂಟು. ಈ ಹಾಸ್ಯದ ಹಿಂದಿನ ಸಂಗತಿ ನಮ್ಮ ಕರಾವಳಿಗೆ ಅಷ್ಟೇನೂ ಹಾಸ್ಯವಾಗಿರಲಿಲ್ಲ. ೧೫೦೫ರಲ್ಲಿ ಪೋರ್ಚುಗೀಸರ ವೈಸರಾಯಿಯಾದ ಫ್ರಾನ್ಸಿಸ್ಕೊ ದ ಆಲ್ಮೇಡನ ನೌಕಾಪಡೆಯು ಹೊರಟಾಗ ಅದರ ಮೂರು ಹಡಗುಗಳಲ್ಲಿ ಆಗ್ಸ್‌ಬರ್ಗಿನ ಫುಗ್ಗರ್, ವೆಲ್ಸರ್ ಮೊದಲಾದ ವರ್ತಕ ಮನೆತನಗಳ ಬಂಡವಾಳವಿದ್ದಿತು. ಅದೇ ವರ್ಷ ಆ ನೌಕಾಪಡೆ ಹೊನ್ನಾವರದ ಮೇಲೆ ಬಿದ್ದು ಅಲ್ಲಿದ್ದ ಹಡಗುಗಳನ್ನು ಸುಟ್ಟಿತು. ದೂರದ ಆಗ್ಸ್‌ಬರ್ಗಿನ ಲೆಕ್ಕದ ಪುಸ್ತಕಕ್ಕೂ ಶರಾವತಿಯ ಮುಖದ ಹೊಗೆಗೂ ಹೀಗೆ ಸಂಬಂಧ ಉಂಟಾಯಿತು.

ಇಂಥ ಕಾಲದಲ್ಲಿ ಈ ಸೀಮೆಯನ್ನು ಆಳಿದವಳು ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿ. ಅವಳ ಆಳ್ವಿಕೆಯನ್ನು ೧೫೫೨ರಿಂದ ೧೬೦೬ರವರೆಗೆಂದು ಸಾಮಾನ್ಯವಾಗಿ ಗಣಿಸುವರು. ಅರ್ಧ ಶತಮಾನಕ್ಕೂ ಮಿಕ್ಕ ಕಾಲ. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ಯೆಂದು ಕರೆದರು. ೧೫೬೯ರಲ್ಲಿ ಅವರ ವೈಸರಾಯಿ ಲೂಯಿಸ್ ದ ಅತಾಯಿದೆ ಹೊನ್ನಾವರವನ್ನು ಹಿಡಿದುಕೊಂಡನು. ಆದರೂ ರಾಣಿಯ ರಾಜ್ಯ ಅಳಿಯಲಿಲ್ಲ. ಕೊನೆಗೆ ಅದನ್ನು ಮುಗಿಸಿದವನು ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. ೧೬೨೩ರಲ್ಲಿ ಗೇರುಸೊಪ್ಪೆಯ ಮಾರ್ಗವಾಗಿ ಪ್ರಯಾಣ ಮಾಡಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿ ಕಂಡದ್ದು ಪಾಳುಬಿದ್ದ ನಗರವನ್ನು. ಸಮುದ್ರದಾಚೆಯ ಶತ್ರುವಿಗೆ ಬಗ್ಗದ ರಾಜ್ಯ ನೆರೆಯವನ ಕೈಯಲ್ಲಿ ನೆಲಕಚ್ಚಿದುದು ನಮ್ಮ ಇತಿಹಾಸದಲ್ಲಿ ಇದೊಂದೇ ಸಲವಲ್ಲ.

ಮಿರ್ಜಾನ್ ಕೋಟೆಯನ್ನು ಕಟ್ಟಿಸಿದವಳು ಈ ರಾಣಿಯೇ ಎಂಬುದು ನಾಡಿನ ನಂಬಿಕೆ. ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕನು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದನೆಂಬ ಮತವೂ ಉಂಟು. ೨೦೦೦-೦೧ರಲ್ಲಿ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಪೋರ್ಚುಗೀಸ್ ನಾಣ್ಯ, ಚೀನೀ ಪಿಂಗಾಣಿಯ ಚೂರುಗಳು, ಕಬ್ಬಿಣದ ಫಿರಂಗಿ ಗುಂಡುಗಳು ದೊರೆತವು. ಈ ವಸ್ತುಗಳು ಕಟ್ಟಿಸಿದವರ ಹೆಸರನ್ನು ಹೇಳವು. ಇಲ್ಲಿಗೆ ಸರಕು ಎಷ್ಟು ದೂರದಿಂದ ಬಂದಿತೆಂಬುದನ್ನೂ, ಅದಕ್ಕಾಗಿ ಕಾದಾಟ ನಡೆಯಿತೆಂಬುದನ್ನೂ ಹೇಳುವುವು. ಒಬ್ಬರು ಕಟ್ಟಿದುದನ್ನು ಇನ್ನೊಬ್ಬರು ಬಲಪಡಿಸುವುದು ಕೋಟೆಗಳ ವಿಷಯದಲ್ಲಿ ಸಾಮಾನ್ಯವಾದುದರಿಂದ, ಎರಡು ಮತಗಳಲ್ಲಿ ಒಂದನ್ನು ಪೂರ್ತಿಯಾಗಿ ತಳ್ಳಿಹಾಕಬೇಕಾದ ಅಗತ್ಯವೂ ಇಲ್ಲ.

ಮುಂದೆ ವ್ಯಾಪಾರದ ದಾರಿ ತಿರುಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಯಲುಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬರತೊಡಗಿತು; ೧೮೬೧ರಿಂದ ೧೮೬೫ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಹತ್ತಿಗೆ ಬೇಡಿಕೆ ಏರಿ, ‘ಕುಮಟಾ ಹತ್ತಿ’ಯೆಂಬ ಹೆಸರು ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಕೇಳಿಬಂದಿತು. ರೈಲು ಹಾದಿ ಮರ್ಮಗೋವೆಯನ್ನು ಮುಟ್ಟಿದ ಮೇಲೆ ಆ ಭಾಗ್ಯವೂ ಇಳಿಯಿತು. ಮಿರ್ಜಾನಿಗೆ ಕಾಯುವ ಸರಕೂ ಇಲ್ಲ, ಬೆಂಟ್‌ಹೈಮಿನಂತೆ ರೋಗಿಗಳನ್ನು ಕರೆಯುವ ಚಿಲುಮೆಯೂ ಇಲ್ಲ. ಗೋಡೆಯ ಮೇಲೆ ಹಾವಸೆಯೂ ಹುಲ್ಲೂ ಬೆಳೆದುವು.

ಆದರೆ ಆ ಊರಿಗೆ ಚಿಲುಮೆಗಿಂತ ದೊಡ್ಡದೊಂದು ಆಸ್ತಿ ಉಳಿದಿದೆ, ಅದು ಅಘನಾಶಿನಿಯೇ. ಉಪ್ಪುನೀರನ್ನು ತಾಳುವ ಕಗ್ಗ ಬತ್ತ ಇದರ ಗಜನಿಗಳಲ್ಲಿ ಬೆಳೆಯುವುದು. ಇದರ ಅಳಿವೆಯಲ್ಲಿ ಬಳಚು ಆಯ್ದು, ಮೀನು ಹಿಡಿದು ಅನೇಕ ಸಂಸಾರಗಳು ಜೀವಿಸುತ್ತಿವೆ. ೨೦೨೪ರಲ್ಲಿ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೋಟೆಯ ಕಲ್ಲುಗಳನ್ನು ಸರಿಪಡಿಸಿ ಫಲಕ ನಿಲ್ಲಿಸುವುದು ಒಳ್ಳೆಯ ಕೆಲಸ. ಆದರೆ ನದಿಯನ್ನು ಕೆಡಿಸಿ ಕೋಟೆಯನ್ನು ಉಳಿಸಿಕೊಂಡರೆ, ಮೆಣಸನ್ನು ಚೆಲ್ಲಿ ಚೀಲವನ್ನು ಜೋಪಾನ ಮಾಡಿದಂತಾದೀತು. ಪಾಪವನ್ನು ನಾಶಮಾಡುವವಳೆಂದು ಹಿರಿಯರು ಹೆಸರಿಟ್ಟ ಈ ನದಿಯ ವಿಷಯದಲ್ಲಿ ನಾವು ಪಾಪಿಗಳಾಗದಿದ್ದರೆ, ಕೋಟೆಯ ಕೆಳಗೆ ಊರು ಬಾಳುವುದು. ಊರಿನ ಜನ ಕೋಟೆಯನ್ನೂ ನೋಡಿಕೊಂಡಾರು.