ದನಿಯ ಗುಣಕ್ಕೆ ಹೆಸರಿಟ್ಟ ಹಿರಿಯರು

ಭಜನೆ ಮುಗಿಸಿ ಮನೆಗೆ ಮರಳುವಾಗ ನಮ್ಮ ಹೋಟಗಿಯ ಹಿರಿಯರು ಹಾಡಿದವನನ್ನು ಕುರಿತು 'ಶಾರೀರ ಚಲೋ ಅದ' ಎನ್ನುವುದನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಶರೀರವೆಂದರೆ ದೇಹ, ಶಾರೀರವೆಂದರೆ ಹಾಡುವ ದನಿ. ಈ ಒಂದು ದೀರ್ಘಾಕ್ಷರದ ಹಿಂದೆ ಶತಮಾನಗಳ ಚಿಂತನೆಯಿದೆ.

ಸೊಲ್ಲಾಪುರ ಸೀಮೆಯು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ ದೊರೆ ಮೂರನೆಯ ಸೋಮೇಶ್ವರನು (1126–1138) ತನ್ನ 'ಮಾನಸೋಲ್ಲಾಸ'ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟನು. ಮುಂದೆ ರಾಜ್ಯವು ದೇವಗಿರಿಯ ಸೇವುಣರ ಕೈಸೇರಿತು. 13ನೆಯ ಶತಮಾನದಲ್ಲಿ ಅವರ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು ರಚಿಸಿದನು. ಆತ ವೃತ್ತಿಯಿಂದ ಲೆಕ್ಕಪತ್ರದ ಅಧಿಕಾರಿ, ವೈದ್ಯವನ್ನೂ ಬಲ್ಲವನು. ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಟಿಸಬಲ್ಲ ದನಿಯ ಶಕ್ತಿಯೇ ಶಾರೀರವೆಂದೂ, ಅದು ಶರೀರದೊಡನೆಯೇ ಹುಟ್ಟುವುದರಿಂದ ಆ ಹೆಸರೆಂದೂ ಆತನು ವಿವರಿಸಿದನು.

ಲೆಕ್ಕಿಗನ ಶಿಸ್ತು ಇಲ್ಲಿಗೇ ನಿಲ್ಲಲಿಲ್ಲ. ದನಿಯಲ್ಲಿ ನಾಲ್ಕು ಬಗೆಗಳನ್ನು ಆತನು ಗುರುತಿಸಿದನು. ಕಫದಿಂದ ಹುಟ್ಟುವ ಸ್ನಿಗ್ಧ, ಮಧುರ ದನಿ ಖಾಹುಲ. ಪಿತ್ತದಿಂದ ಹುಟ್ಟುವ ಘನ, ಗಂಭೀರ ದನಿ ನಾರಾಟ. ವಾತದಿಂದ ಹುಟ್ಟುವ ದಪ್ಪನೆಯ, ಸಾರವಿಲ್ಲದ ದನಿ ಬೊಂಬಕ. ಇವು ಬೆರೆತರೆ ಮಿಶ್ರಕ. ಬೊಂಬಕಕ್ಕೆ ಆತನು ಕೊಟ್ಟ ಹೋಲಿಕೆ ಔಡಲ ದಂಟು: ಹೊರಗೆ ದಪ್ಪ, ಒಳಗೆ ಟೊಳ್ಳು. ನಮ್ಮ ಹೊಲದ ಬದುವಿನಲ್ಲಿ ಔಡಲ ಮುರಿದು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಇದಲ್ಲದೆ ದನಿಗೆ ಹದಿನೈದು ಗುಣ, ಎಂಟು ದೋಷಗಳನ್ನೂ ಹೇಳಿದ್ದಾನೆ. ದೂರಕ್ಕೆ ಕೇಳಿಸುವುದು ಶ್ರಾವಕ, ಪ್ರಬಲವಾದುದು ಗಾಢ, ಕೇಳುವವರ ಹೃದಯವನ್ನು ಕರಗಿಸುವುದು ಕರುಣ. ಒರಟಾದುದು ರೂಕ್ಷ, ಒಡೆದುದು ಸ್ಫುಟಿತ, ಕಾಗೆಗಳ ಕೂಗಿನಂಥದು ಕಾಕೋಲಿ. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಈ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನವನ್ನು ಬರೆದು ಈ ಪರಿಭಾಷೆಯನ್ನು ಮುಂದಿನವರಿಗೆ ತಲುಪಿಸಿದನು.

ಒಂದೇ ಶ್ರುತಿಯಲ್ಲಿ ಹಾಡಿದರೂ ಎರಡು ಕಂಠಗಳು ಬೇರೆಯಾಗಿ ಕೇಳುವುದೇಕೆ? ಮೂಲಸ್ವರದ ಜೊತೆಗೆ ಹುಟ್ಟುವ ಉಪಸ್ವರಗಳ ಬಲಾಬಲದಿಂದ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ತೋರಿಸಿದನು. ಕಾರಣವನ್ನು ವಿಜ್ಞಾನ ಅಂದು ಹೇಳಿತು. ಅಂತರವನ್ನು ನಮ್ಮವರ ಕಿವಿ ಆರು ಶತಮಾನ ಮೊದಲೇ ಗುರುತಿಸಿತ್ತು.

ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಸಾಗುವ ರೈಲು ಹಾದಿಯ ಆಚೆ ತುದಿಯ ಸೀಮೆ ಅನೇಕ ಮಹಾನ್ ಕಂಠಗಳನ್ನು ನಾಡಿಗೆ ಕೊಟ್ಟಿದೆ. ಗಂಗೂಬಾಯಿ ಹಾನಗಲ್ಲರ (1913–2009) ದನಿ ಗಂಟಲ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಂತೆ ಗಡುಸಾಯಿತು. ದನಿಗೆ 'ಇಂಪು' ಎಂಬ ಒಂದೇ ಅಳತೆಯಿದ್ದಿದ್ದರೆ ನಾವು ಅವರನ್ನು ಕಳೆದುಕೊಳ್ಳುತ್ತಿದ್ದೆವು. ಗಾಢವೂ ಗುಣವೆಂದು ತಿಳಿದ ನಾಡು ಅವರನ್ನು ತಲೆಯ ಮೇಲೆ ಹೊತ್ತಿತು.

ಇಂದಿನ ನಮ್ಮ ಸ್ಥಿತಿಯೇನು? ಕೆಲವು ವರ್ಷಗಳ ಹಿಂದೆ ಒಂದು ಕವಿಗೋಷ್ಠಿಯಲ್ಲಿ ಹಿಂದಿನ ಸಾಲಿನವರಿಗೆ ಒಂದು ಪದವೂ ತಿಳಿಯಲಿಲ್ಲ. ಧ್ವನಿವರ್ಧಕದ ಹುಡುಗನು 'ಏನ್ ಮಾಡ್ಲಿ ಸರ್?' ಎಂದು ಕೇಳಿದನು. ನಮ್ಮ ಬಾಯಿಗೆ ಬಂದುದು 'ಇನ್ನಷ್ಟು ಜೋರು ಮಾಡಪ್ಪಾ' ಎಂಬ ಮಾತೊಂದೇ. ಅವನು ಮಾಡಿದನು, ಗದ್ದಲ ಹೆಚ್ಚಿತು, ಕವಿತೆ ಮುಳುಗಿತು. ಅದು ಬೊಂಬಕ ದನಿ. ಬೇಸ್ ತಗ್ಗಿಸಿದ್ದರೆ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಐವತ್ತು ಜನ ಹಿರಿಯರು ಕುಳಿತಿದ್ದೆವು. ದೋಷವನ್ನು ಹೆಸರಿಟ್ಟು ಹೇಳುವವರು ಒಬ್ಬರೂ ಇರಲಿಲ್ಲ. ತಪ್ಪು ಆ ಹುಡುಗನದಲ್ಲ, ನಮ್ಮದು.

ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕಲಿಯುತ್ತಾರೆ, ಕಲಿಯಲಿ. ಕನ್ನಡವು ಅವರಿಗೆ ಮನೆಯ ದನಿಯಾಗಿ ಕಿವಿಯಿಂದಲೇ ದೊರೆಯಬೇಕು. ಆದುದರಿಂದ ಬಂಧುಗಳೇ, ಈ ಸಮ್ಮೇಳನದಲ್ಲಿ ಹಾಡು ಕೇಳಿದ ಮೇಲೆ ಪಕ್ಕದ ಮಗುವನ್ನು 'ಹೆಂಗಿತ್ತು?' ಎಂದು ಕೇಳಿರಿ. 'ಚಲೋ ಇತ್ತು' ಎಂದರೆ ಬಿಡಬೇಡಿರಿ. ಒರಟೋ, ನುಣುಪೋ, ಟೊಳ್ಳೋ, ತುಂಬಿತ್ತೋ ಎಂದು ಮತ್ತೆ ಕೇಳಿರಿ. ಹೆಸರು ತಿಳಿದ ಕಿವಿ ಮುಂದಿನ ಹಾಡನ್ನು ಇನ್ನಷ್ಟು ಗಮನವಿಟ್ಟು ಕೇಳುತ್ತದೆ.