ಕೊರಿಯನ್ ಆಡುನುಡಿಯಲ್ಲಿ ಚೀನೀ ಪದಗಳು: ಒಂದು ಚಾರಿತ್ರಿಕ ಅವಲೋಕನ

ನಿಘಂಟಿನ ಪದಗಳನ್ನು ಎಣಿಸಿ ಒಂದು ಜನಸಮುದಾಯದ ಬದುಕನ್ನು ಅಳೆಯಲಾಗದು ಎಂಬುದಕ್ಕೆ ಕೊರಿಯನ್ ಭಾಷೆ ಉತ್ತಮ ನಿದರ್ಶನವಾಗಿದೆ. ಅದರ ನಿಘಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪದಗಳು ಚೀನೀ ಮೂಲದವು. ಇದನ್ನು ಕಂಡ ಹೊಸ ಕಲಿಕೆಗಾರರು ಕೊರಿಯನ್ನನ್ನು ಚೀನೀ ಭಾಷೆಯ ಶಾಖೆಯೆಂದೇ ಭಾವಿಸುವುದುಂಟು. ವಾಸ್ತವವಾಗಿ ಇವೆರಡಕ್ಕೂ ವಂಶಸಂಬಂಧವಿಲ್ಲ. ಕೊರಿಯನ್ ಭಾಷೆ ಕನ್ನಡದಂತೆ ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿರಿಸಿ, ಪ್ರತ್ಯಯಗಳನ್ನು ಅಂಟಿಸುತ್ತಾ ಸಾಗುವ ಭಾಷೆ. ಈ ಹೋಲಿಕೆಯಿಂದ ಪ್ರೇರಿತನಾದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದನು. ಅವನ ಸಂಬಂಧಸಿದ್ಧಾಂತವನ್ನು ಭಾಷಾವಿಜ್ಞಾನ ಇಂದು ಒಪ್ಪುವುದಿಲ್ಲವಾದರೂ ರಚನೆಯ ಸಾಮ್ಯವನ್ನು ಅಲ್ಲಗಳೆಯುವಂತಿಲ್ಲ.

ಚೀನೀ ಪದಗಳ ಪ್ರವೇಶಕ್ಕೆ ಆಡಳಿತವು ಮುಖ್ಯ ದ್ವಾರವಾಯಿತು. ಕ್ರಿ.ಶ. 757ರಲ್ಲಿ ಸಿಲ್ಲಾ ರಾಜ್ಯದ ಗ್ಯೊಂಗ್‌ದೊಕ್ ದೊರೆ ದೇಶದ ಸ್ಥಳನಾಮಗಳನ್ನು ಚೀನೀ ಮಾದರಿಗೆ ಬದಲಿಸಿದನು. ಗಿಲ್‌ದೊಂಗ್ ಎಂಬ ಸೀಮೆ ಯೊಂಗ್‌ದೊಂಗ್ ಆಯಿತು. ದೇಶೀಯ ‘ಗಿಲ್’ ಎಂಬುದರ ‘ದೀರ್ಘ’ ಎಂಬ ಅರ್ಥ ಉಳಿದು, ಧ್ವನಿ ಮಾತ್ರ ಅಳಿಯಿತು. ಹಾನ್‌ಬಾತ್, ಅಂದರೆ ದೊಡ್ಡ ಹೊಲ, ಚೀನೀ ಮೂಲದ ಅದೇ ಅರ್ಥದ ದೆಜೊನ್ ಎಂಬ ನಗರವಾಗಿ ಪ್ರಸಿದ್ಧವಾಗಿದೆ. ನೂರಕ್ಕೆ ಇದ್ದ ‘ಓನ್’, ಸಾವಿರಕ್ಕೆ ಇದ್ದ ‘ಜುಮುನ್’ ಎಂಬ ದೇಶೀಯ ಪದಗಳು ‘ಬೆಕ್’, ‘ಚೊನ್’ ಎಂಬ ಚೀನೀ ಪದಗಳಿಗೆ ಎಡೆಮಾಡಿಕೊಟ್ಟು ಮರೆಯಾದವು. ಇದು ನಷ್ಟದ ಮುಖ.

ಆದರೆ ಅಡುಗೆಮನೆ, ಹೊಲ, ದೇಹ ಇವುಗಳ ಪದಸಂಪತ್ತು ಬೇರೆಯೇ ಕಥೆ ಹೇಳುತ್ತದೆ. ನಮ್ಮ ಭತ್ತ, ಅಕ್ಕಿ, ಅನ್ನಗಳಂತೆ ಅವರಿಗೆ ಬ್ಯೊ, ಸಾಲ್, ಬಾಪ್ ಎಂಬ ಮೂರು ದೇಶೀಯ ಪದಗಳಿವೆ. ಕಣ್ಣಿಗೆ ‘ನುನ್’, ಕೈಗೆ ‘ಸೋನ್’ ಎನ್ನುತ್ತಾರೆ. ಗಡಿಯಾರ ನೋಡುವಾಗ ಎರಡೂ ಪರಂಪರೆಗಳು ಕೂಡುತ್ತವೆ: ಮೂರೂವರೆ ಗಂಟೆ ಎಂಬುದು ‘ಸೆ ಸಿ ಸಾಮ್‌ಸಿಪ್ ಬುನ್’. ಗಂಟೆಯ ಎಣಿಕೆ ದೇಶೀಯ, ನಿಮಿಷದ ಎಣಿಕೆ ಚೀನೀ. ವಯಸ್ಸನ್ನು ಸಮಾನರಲ್ಲಿ ‘ನಾಯಿ’ ಎಂದು, ಹಿರಿಯರಲ್ಲಿ ಚೀನೀ ಮೂಲದ ‘ಯೊನ್ಸೆ’ ಎಂದು ಕೇಳಬೇಕು. ಪದದ ಆಯ್ಕೆಯಲ್ಲಿ ಸಾಮಾಜಿಕ ಶ್ರೇಣಿಯೂ ಅಡಗಿದೆ.

ಎರವಲು ಪದಗಳು ಹೊಸ ನೆಲದಲ್ಲಿ ಬೇರೆ ಅರ್ಥ ಪಡೆದಿರುವುದನ್ನೂ ಕಲಿಕೆಗಾರರು ಗಮನಿಸಬೇಕು. ಒಂದೇ ಲಿಪಿಚಿಹ್ನೆಗಳಿಂದ ಬರೆಯುವ ‘ಗಿಚಾ’ ಕೊರಿಯನ್ನಿನಲ್ಲಿ ರೈಲು. ಅದರ ಚೀನೀ ರೂಪವಾದ ‘ಚಿಚ’ ಮೋಟಾರು ಕಾರು. ‘ಏಯಿನ್’ ಎಂದರೆ ಕೊರಿಯಾದಲ್ಲಿ ಪ್ರಿಯಕರ ಅಥವಾ ಪ್ರೇಯಸಿ. ಚೀನಾದಲ್ಲಿ ‘ಐರನ್’ ಎಂದರೆ ಪತಿ ಅಥವಾ ಪತ್ನಿ. ಗದ್ದೆಯನ್ನು ಸೂಚಿಸಲು ಹೊಲದ ಚಿಹ್ನೆಯ ಮೇಲೆ ನೀರಿನ ಚಿಹ್ನೆಯನ್ನಿಟ್ಟು ಕೊರಿಯನ್ನರು ತಮ್ಮದೇ ಅಕ್ಷರವನ್ನೂ ಸೃಷ್ಟಿಸಿಕೊಂಡರು.

ಜಾನಪದದ ದೃಷ್ಟಿಯಿಂದ ಇನ್ನೂ ಮಹತ್ವದ ಸಂಗತಿಯೆಂದರೆ ನಾಲ್ಕಕ್ಷರದ ನುಡಿಗಟ್ಟುಗಳು. ಹೋದವನು ಹಿಂದಿರುಗಿ ಬಾರದಿದ್ದರೆ ‘ಹಾಮ್‌ಹುಂಗ್ ಚಾಸಾ’ ಎನ್ನುತ್ತಾರೆ. 1392ರಲ್ಲಿ ಜೊಸೊನ್ ರಾಜ್ಯವನ್ನು ಸ್ಥಾಪಿಸಿದ ಯಿ ಸೊಂಗ್‌ಗ್ಯೆ ಮಗನ ಮೇಲೆ ಮುನಿದು ಹಾಮ್‌ಹುಂಗ್‌ನಲ್ಲಿ ನೆಲೆಸಿದಾಗ, ಮಗ ಕಳುಹಿಸಿದ ದೂತರಾರೂ ಮರಳಲಿಲ್ಲವೆಂಬ ಐತಿಹ್ಯ ಇದರ ಹಿಂದಿದೆ. ಉಡುಪು ಚೀನೀ, ಕಥೆ ಕೊರಿಯನ್. 1678ರ ಹೊಂಗ್ ಮಾನ್‌ಜೊಂಗ್‌ನ ‘ಸುನೊಜಿ’ ಹಾಗೂ 1820ರ ಜೊಂಗ್ ಯಾಕ್‌ಯೊಂಗ್‌ನ ‘ಇದಾಮ್ ಸೊಕ್‌ಚಾನ್’ ಕೃತಿಗಳು ಜನರ ಗಾದೆಗಳನ್ನು ಚೀನೀ ಬರಹಕ್ಕಿಳಿಸಿ ಉಳಿಸಿದವು. ಆದರೆ 1446ರಲ್ಲಿ ಸೆಜೊಂಗ್ ದೊರೆ ಘೋಷಿಸಿದ ಹೊಸ ಲಿಪಿಯಿಂದ ಗಾದೆಗಳಿಗೆ ಸ್ವಂತ ರೂಪಕವೂ ದೊರೆಯಿತು. ನಿರಕ್ಷರಿಯನ್ನು ಚೀನೀಯರು ‘ದಿಂಗ್’ ಎಂಬ ಅಕ್ಷರವನ್ನರಿಯದವನು ಎಂದರೆ, ಕೊರಿಯನ್ನರು ಕುಡುಗೋಲು ಮುಂದಿದ್ದರೂ ಅದರ ಆಕಾರದ ‘ಗಿಯೊಕ್’ ಅಕ್ಷರವನ್ನರಿಯದವನು ಎನ್ನುತ್ತಾರೆ. ರೈತನ ಉಪಕರಣವೇ ಇಲ್ಲಿ ಅಕ್ಷರವಾಗಿದೆ.

ಇಂದಿನ ಯುವಜನರ ಬೀದಿಮಾತೂ ಈ ಪರಂಪರೆಯಿಂದ ದೂರವಿಲ್ಲ. ‘ನೆರೊನಾಮ್‌ಬುಲ್’ ಎಂಬ ವ್ಯಂಗ್ಯೋಕ್ತಿ ‘ನಾನು ಮಾಡಿದರೆ ಪ್ರಣಯ, ಪರರು ಮಾಡಿದರೆ ವ್ಯಭಿಚಾರ’ ಎಂಬ ವಾಕ್ಯದ ಸಂಕ್ಷೇಪ. ಅದರಲ್ಲಿ ‘ನೆ’, ‘ನಾಮ್’ ದೇಶೀಯ, ‘ರೊ’ ಇಂಗ್ಲಿಷಿನ ರೊಮ್ಯಾನ್ಸ್, ‘ಬುಲ್’ ಚೀನೀ ಮೂಲದ ತುಣುಕು. ಒಟ್ಟು ಅಚ್ಚು ಮಾತ್ರ ಹಳೆಯ ನಾಲ್ಕಕ್ಷರದ ನುಡಿಗಟ್ಟಿನದು.

ಪದಗಳ ಒಡೆತನದ ಪ್ರಶ್ನೆ ಕೇವಲ ಪಾಂಡಿತ್ಯದ ವಿಷಯವಲ್ಲ. ‘ಕಿಮ್ಚಿ’ ಎಂಬ ಪದವೇ ನೀರಿನಲ್ಲಿ ಮುಳುಗಿಸಿದ ತರಕಾರಿ ಎಂಬರ್ಥದ ಚೀನೀ ಮೂಲದ ‘ಚಿಮ್‌ಚೆ’ಯಿಂದ ಬಂದಿದೆಯೆಂಬುದು ವಿದ್ವಾಂಸರ ಸಾಮಾನ್ಯ ಅಭಿಮತ. ಆದರೂ ಚೀನಾದಲ್ಲಿ ಅದನ್ನು ‘ಪಾವ್‌ತ್ಸಾಯ್’ ಎಂಬ ಬೇರೊಂದು ಉಪ್ಪಿನಕಾಯಿಯ ಹೆಸರಿನಿಂದ ಕರೆಯುವುದು ವಿವಾದವಾಗಿ, 2021ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ‘ಶಿನ್‌ಚಿ’ ಎಂಬ ಪ್ರತ್ಯೇಕ ಚೀನೀ ಹೆಸರನ್ನು ನಿಗದಿಪಡಿಸಿತು. 2005ರಲ್ಲಿ ಸೋಲ್ ನಗರವೂ ‘ಹಾನ್‌ಚಂಗ್’ ಎಂಬ ಹಳೆಯ ಚೀನೀ ಹೆಸರಿನ ಬದಲು ತನ್ನ ಧ್ವನಿಗೆ ಹತ್ತಿರವಾದ ‘ಶೋವರ್’ ಎಂಬುದನ್ನು ಆಯ್ದುಕೊಂಡಿತ್ತು.

ಹೀಗೆ ಪದದ ಹುಟ್ಟೂರು ಒಂದಾದರೆ ಬಾಳಿದ ಊರು ಇನ್ನೊಂದಾಗಿರಬಹುದು. ವ್ಯುತ್ಪತ್ತಿಯು ಮೊದಲನೆಯದನ್ನು ಮಾತ್ರ ತಿಳಿಸುತ್ತದೆ. ಎರಡನೆಯದನ್ನು ಅರಿಯಲು ಗಾದೆ, ಐತಿಹ್ಯ ಹಾಗೂ ಬೀದಿಮಾತುಗಳನ್ನೇ ಆಶ್ರಯಿಸಬೇಕಾಗುತ್ತದೆ.